ತಾತ್ಪೂರ್ತಿಕವಾಗಿ ಗಂಗವ್ವನ ಗೋಡೆಗೆ

ನಿವೃತ್ತನಾದ ಮೇಲೂ ನಾನು ಯಾರ ಮನೆಗೆ ಹೋದರೂ ಚಪ್ಪಲಿ ಬಿಡುವ ಮೊದಲು ಗೋಡೆ ನೋಡುತ್ತೇನೆ. ಕರೆಂಟಿನ ಮೀಟರು ಎಲ್ಲಿದೆ, ಎಷ್ಟು ಎತ್ತರದಲ್ಲಿದೆ, ಸೀಲು ನೆಟ್ಟಗಿದೆಯೇ, ತಂತಿ ಯಾವ ಕಂಬದಿಂದ ಬಂದಿದೆ ಎಂದು ಕಣ್ಣು ತಾನಾಗಿಯೇ ಹುಡುಕುತ್ತದೆ. ಮನೆಯವರು ನಾನು ಬಣ್ಣ ಮೆಚ್ಚಿಕೊಳ್ಳುತ್ತಿದ್ದೇನೆ ಎಂದುಕೊಂಡು ಪೇಂಟರನ ಹೆಸರು ಹೇಳತೊಡಗುತ್ತಾರೆ. ನನ್ನ ಹೆಂಡತಿ ಹಿಂದಿನಿಂದ ಅಂಗಿ ಜಗ್ಗುತ್ತಾಳೆ. "ರಿಟೈರ್ ಆಗೀರಿ, ಇನ್ನಾದರೂ ಗ್ವಾಡಿ ಬಿಟ್ಟು ಮಂದಿ ಮಾರಿ ನೋಡಿ ಮಾತಾಡ್ರಿ" ಎನ್ನುತ್ತಾಳೆ. ಆಕೆ ಹೇಳುವುದು ಸರಿಯೇ. ಆದರೆ ನನ್ನ ಅನುಭವದಲ್ಲಿ ಮಂದಿ ಮುಖದಲ್ಲಿ ಹೇಳದ್ದನ್ನು ಗೋಡೆ ಹೇಳುತ್ತದೆ.

ನಾನು ವಿದ್ಯುತ್ ಇಲಾಖೆಯಲ್ಲಿ ಶಾಖಾಧಿಕಾರಿಯಾಗಿದ್ದೆ. ಮುದ್ದೇಬಿಹಾಳ, ಇಂಡಿ, ಸಿಂದಗಿ, ಬಸವನ ಬಾಗೇವಾಡಿ. ಈ ತಾಲೂಕುಗಳ ಆಚೆಗೂ ಒಂದು ಲೋಕವಿದೆ ಎಂಬ ಸಂಗತಿ ನನ್ನನ್ನು ವರ್ಗ ಮಾಡುತ್ತಿದ್ದವರಿಗೆ ಯಾರೂ ತಿಳಿಸಲಿಲ್ಲವೆಂದು ಕಾಣುತ್ತದೆ. ಈಗ ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಸಿಕ್ಕರೆ ಟ್ರಾನ್ಸ್‌ಫಾರ್ಮರ್ ಸುಟ್ಟ ಕಥೆ ಹೇಳಿ ಸರ್ ಎನ್ನುತ್ತಾರೆ. ಅದರಲ್ಲಿ ಕಲಿಯಲು ಏನೂ ಇಲ್ಲ. ಅದು ಸುಡುತ್ತದೆ, ನೀವು ಬದಲಾಯಿಸುತ್ತೀರಿ, ಮತ್ತೆ ಸುಡುತ್ತದೆ. ಮನೆ ರಿಪೇರಿಗೆ ಕೈ ಹಾಕಿದವನೊಬ್ಬ ಆಫೀಸಿಗೆ ಬಂದು, ಕುರ್ಚಿಯ ತುದಿಯಲ್ಲಿ ಕುಳಿತು, "ಮೀಟರ್ ಒಂದೀಟು ಸರಸಬೇಕಿತ್ರಿ" ಎನ್ನುತ್ತಾನಲ್ಲ, ಕಲಿಕೆ ಶುರುವಾಗುವುದು ಅಲ್ಲಿಂದ. ಆ "ಒಂದೀಟು" ಎಂಬ ಮಾತು ಕೇಳಿದರೆ ನನಗೆ ಇವತ್ತಿಗೂ ಬೆವರು ಬರುತ್ತದೆ.

ನಾನು ಸೇರಿದ ಕಾಲಕ್ಕೆ ಮೀಟರು ಮನೆಯೊಳಗೇ ಇರುತ್ತಿತ್ತು. ಪಡಸಾಲೆಯ ಗೋಡೆಗೆ ಒಂದು ಕಟ್ಟಿಗೆಯ ಹಲಗೆ, ಅದರ ಮೇಲೆ ಕರಿ ಮೀಟರು, ಗಾಜಿನ ಹಿಂದೆ ತಿರುಗುವ ಚಕ್ರ. ಮೀಟರಿನ ನೆತ್ತಿಯ ಮೇಲೆ ಮನೆಯ ಕೀಲಿಕೈ, ಬಾಚಣಿಗೆ, ವಿಭೂತಿ ಗಟ್ಟಿ, ಮದುವೆಯ ಕರೆಯೋಲೆಗಳು. ಮುದ್ದೇಬಿಹಾಳದ ಒಂದು ಮನೆಯಲ್ಲಿ ಅದು ದೇವರ ಕೋಣೆಯಲ್ಲಿತ್ತು. ನಮ್ಮ ಮೀಟರ್ ರೀಡರು ಕಾಲು ತೊಳೆದುಕೊಂಡು ಒಳಗೆ ಹೋಗಬೇಕಿತ್ತು. ಒಂದು ಅಮಾವಾಸ್ಯೆಯ ಮರುದಿನ ಹೋದರೆ, ಮನೆಯೊಡತಿ ಮೀಟರಿನ ಗಾಜಿಗೆ ಮೂರು ಬೆರಳಿನ ವಿಭೂತಿ ಎಳೆದಿದ್ದಳು, ಅಂಕಿಗಳ ಮೇಲೆಯೇ. ಇವನು ಕರವಸ್ತ್ರ ತೆಗೆದ. "ದೇವರ ಹಣಿ ಒರಸ್ತೀರೇನ್ರಿ?" ಎಂದಳು ಆಕೆ. ಪಾಪ, ಒರೆಸಲಿಲ್ಲ. ಷರಾ ಕಾಲಮ್ಮಿನಲ್ಲಿ "ವಿಭೂತಿಯಿಂದಾಗಿ ಓದಲಾಗಿಲ್ಲ" ಎಂದು ಬರೆದು ತಂದ. ಮೇಲಿನವರು ಅದನ್ನು ಓದಿ, ಇಲಾಖೆಯಲ್ಲಿ ಇಂಥದೊಂದು ಕಾರಣ ಮಂಜೂರಾಗಿದೆಯೇ ಎಂದು ನನ್ನನ್ನು ಕೇಳಿದರು.

ಇಂಥವು ಹೆಚ್ಚಾದ ಮೇಲೆ ನಿಯಮ ಬಂತು. ಮೀಟರು ಮನೆಯ ಹೊರಗೆ, ರಸ್ತೆಯ ಕಡೆಯ ಗೋಡೆಗೆ, ಕಣ್ಣಿನ ಮಟ್ಟದಲ್ಲಿ ಇರಬೇಕು. ಯಾರನ್ನೂ ಕೂಗದೆ, ಯಾವ ಗೇಟನ್ನೂ ತೆರೆಯದೆ, ರಸ್ತೆಯಲ್ಲಿ ನಿಂತೇ ಓದುವಂತಿರಬೇಕು. ನಿಯಮ ಚೆನ್ನಾಗಿತ್ತು. ಚೆನ್ನಾಗಿರುವ ನಿಯಮಗಳಿಂದ ಎಷ್ಟು ತೊಂದರೆಯಾಗಬಹುದೆಂದು ನಾನು ತಿಳಿದದ್ದು ಇಂಡಿಯಲ್ಲಿ.

ಅಲ್ಲಿ ನಮಗೊಬ್ಬರು ಮೇಲಧಿಕಾರಿ ಇದ್ದರು. ಹೆಸರು ಬೇಡ, ಸಾಹೇಬರು ಎಂದರೆ ಸಾಕು. ಈ ನಿಯಮವನ್ನು ಅವರು ತಮ್ಮದೇ ಸುತ್ತೋಲೆಯಾಗಿ ಹೊರಡಿಸಿದ್ದರು, ಮತ್ತು ಹೊರಡಿಸಿದ ಮೇಲೆ ಅದನ್ನು ಹೆತ್ತ ಮಗುವಿನ ಹಾಗೆ ಪ್ರೀತಿಸಿದರು. ಆದರೆ ಕಣ್ಣಿನ ಮಟ್ಟವೆಂದರೆ ಯಾರ ಕಣ್ಣು ಎಂದು ಸುತ್ತೋಲೆಯಲ್ಲಿ ಇರಲಿಲ್ಲ. ನಮ್ಮ ಮೀಟರ್ ರೀಡರು ಬಾಗಿಲಿಗೆ ತಲೆ ಬಡಿಯುವಷ್ಟು ಎತ್ತರದ ಆಳು. ಸಾಹೇಬರು ಗಿಡ್ಡ. ನಾವು ರೀಡರನ ಕಣ್ಣಿಗೆ ಸರಿಯಾಗಿ ಹಾಕಿದ ಮೀಟರುಗಳನ್ನು ಅವರು ತಪಾಸಣೆಗೆ ಬಂದಾಗ ಹಿಮ್ಮಡಿ ಎತ್ತಿ ನೋಡಿದರು, ಸಿಟ್ಟಾದರು, ಇಳಿಸಲು ಹೇಳಿದರು. ಇಳಿಸಿದೆವು. ಆ ಎತ್ತರ ಎಮ್ಮೆಯ ಕೋಡಿಗೆ ಸರಿಯಾಗಿ ಎಟಕುವ ಎತ್ತರ ಎಂಬುದು ಆಮೇಲೆ ಗೊತ್ತಾಯಿತು. ಮನೆ ಮುಂದೆ ಕಟ್ಟಿದ ಎಮ್ಮೆಗಳು ಮೀಟರಿಗೆ ಕೋಡು ತಿಕ್ಕಿ ತುರಿಕೆ ತೀರಿಸಿಕೊಂಡವು. ಲಿಂಬೆ ಬೆಳೆಯುವ ಊರಲ್ಲವೇ, ಒಬ್ಬ ತೋಟದವನು ಮೀಟರು ಹೊರಗೆ ಬಂದು ಮಂದಿಯ ದೃಷ್ಟಿ ತಾಗುತ್ತದೆಂದು ಅದಕ್ಕೆ ಲಿಂಬೆಹಣ್ಣು ಮೆಣಸಿನಕಾಯಿ ಪೋಣಿಸಿ ಕಟ್ಟಿದ. ಆಶ್ಚರ್ಯವೆಂದರೆ ಆ ಮೀಟರಿಗೆ ಮಾತ್ರ ಯಾವ ಎಮ್ಮೆಯೂ ಕೋಡು ತಾಗಿಸಲಿಲ್ಲ.

ಸಿಂದಗಿಗೆ ಹೋದಾಗ ಮನೆಗಳಿಗೆ ಗ್ರಾನೈಟು ಬಂದಿತ್ತು, ವಾಸ್ತು ಬಂದಿತ್ತು. ಮೀಟರು ಬೆಂಕಿಯ ವಸ್ತು, ಆಗ್ನೇಯಕ್ಕೇ ಇರಬೇಕು ಎನ್ನುವರು. ನಮ್ಮ ಕಂಬ ವಾಯವ್ಯದಲ್ಲಿ ನಿಂತಿರುವುದು. ಒಬ್ಬ ವಾಸ್ತು ಪಂಡಿತರು ಬಹಳ ಸೌಜನ್ಯದಿಂದ, "ಹಂಗಾರ ಕಂಬ ಸರಸಾಕ ಬರತೈತೇನ್ರಿ?" ಎಂದು ಕೇಳಿದ್ದರು. ಇನ್ನೊಬ್ಬ ತೊಗರಿ ವ್ಯಾಪಾರಿ ಮನೆಯ ಮುಂಭಾಗಕ್ಕೆ ಹೊಳೆಯುವ ಕಲ್ಲು ಹೊದಿಸಿದ. ಮುಂದಿನ ತಿಂಗಳು ಹೋದರೆ ಮೀಟರೇ ಇಲ್ಲ. ಮನೆಯಲ್ಲಿ ದೀಪ ಉರಿಯುತ್ತಿದೆ, ಗೋಡೆ ನುಣ್ಣಗಿದೆ. ಲೈನ್‌ಮ್ಯಾನು ನಟ್ಟು ತಿರುಗಿಸುವ ಪಾನಾದಿಂದ ಕಲ್ಲು ಕಲ್ಲನ್ನೂ ಬಡಿದು ಹುಡುಕಿದ. ಗೌಂಡಿ ಮೀಟರಿನ ಮೇಲೆಯೇ ಕಲ್ಲು ಕೂರಿಸಿ, ಓದಲೆಂದು ಬೆರಳು ತೂರುವಷ್ಟು ತೂತು ಬಿಟ್ಟಿದ್ದ. "ಮಾರಿ ಮ್ಯಾಲೆ ಮೀಟರ್ ಇದ್ರ ಮನಿಗೆ ಕಳಾ ಬರೂದಿಲ್ರಿ. ಬ್ಯಾಟರಿ ಬಿಟ್ಟು ನೋಡ್ರಿ, ಎಲ್ಲಾ ಕಾಣತೈತಿ" ಎಂದ ಮಾಲೀಕ. ನಾನು ಒಂದು ಕಣ್ಣು ಮುಚ್ಚಿ ನೋಡಿದೆ. ನಿಜ ಹೇಳಬೇಕೆಂದರೆ ಕಾಣುತ್ತಿತ್ತು.

ಇಷ್ಟೆಲ್ಲ ಆಗುವ ಹೊತ್ತಿಗೆ ಆ ನಿಯಮದ ಹೆಸರೆತ್ತಿದರೆ ನನಗೆ ಹಲ್ಲು ಕಡಿಯುವಷ್ಟು ಸಿಟ್ಟು ಬರುತ್ತಿತ್ತು. ಬಸವನ ಬಾಗೇವಾಡಿಗೆ ಬಂದೆ. ನನ್ನ ಹಿಂದೆಯೇ ಸಾಹೇಬರೂ ಬಡ್ತಿ ಪಡೆದು ನನ್ನ ತಲೆಯ ಮೇಲೆಯೇ ಬಂದು ಕುಳಿತರು, ಸುತ್ತೋಲೆಯ ಸಮೇತ. ಮನಗೂಳಿಯ ಅರ್ಜಿ ಬಂದದ್ದು ಆಗ.

ಅರ್ಜಿ ತಂದವರು ಚಂದ್ರಶೇಖರ, ಗೊಬ್ಬರದ ಅಂಗಡಿಯವರು. ಹಳೆಯ ಮನೆ ಕೆಡವಿ ಎರಡು ಅಂತಸ್ತಿನದು ಕಟ್ಟುವವರಿದ್ದರು. ಮನುಷ್ಯ ಕೆಟ್ಟವರಲ್ಲ. ಹೊಸ ಮನೆ ಕಟ್ಟುವಾಗ ಎಲ್ಲರೂ ಆಗುವಷ್ಟೇ ಕೆಟ್ಟವರಾಗಿದ್ದರು. ಮೀಟರು ಪಡಸಾಲೆಯಲ್ಲಿತ್ತು, ನಿಯಮ ಬಂದು ಇಷ್ಟು ವರ್ಷವಾದರೂ ನಮ್ಮವರ ಕಣ್ಣು ತಪ್ಪಿಸಿ ಅಲ್ಲೇ ಉಳಿದಿತ್ತು. ಹೆಸರು ಎಂದೋ ತೀರಿಕೊಂಡ ಅವರ ತಂದೆಯದು. ಇದಕ್ಕೆ ಗಾಬರಿಯಾಗಬೇಡಿ, ನಮ್ಮ ಕಡೆ ಎಷ್ಟೋ ಮನೆಗಳ ದೀಪ ಸತ್ತವರ ಹೆಸರಿನಲ್ಲೇ ಉರಿಯುತ್ತದೆ. ಪಡಸಾಲೆ ಕೆಡವುವ ಮೊದಲು ಮೀಟರನ್ನು ತೆಗೆದು, ಹಿತ್ತಿಲ ಕಡೆ ಆಗಲೇ ಎದ್ದಿದ್ದ, ಕಾರು ನಿಲ್ಲಿಸುವ ಹೊಸ ಪೋರ್ಚಿನಲ್ಲಿ ಹಾಕಿಕೊಡಿ ಎಂಬುದು ಕೋರಿಕೆ.

ನಮ್ಮ ಲೈನ್‌ಮ್ಯಾನ್ ಹುಸೇನಸಾಬನನ್ನು ಕರೆದುಕೊಂಡು ಸ್ಥಳ ನೋಡಲು ಹೋದೆ. ರಸ್ತೆಗೆ ಹತ್ತಿದಂತೆ ಒಂದು ಹಳೆಯ ಕಲ್ಲಿನ ಖೋಲಿ, ಅದರ ಮುಂದೆ ಕಟ್ಟೆ, ಹಿಂದೆ ಪಡಸಾಲೆ. ಆ ಖೋಲಿಯಲ್ಲಿ ಇದ್ದವಳು ಚಂದ್ರಶೇಖರರ ವೈನಿ, ಅಂದರೆ ತೀರಿಕೊಂಡ ಅಣ್ಣನ ಹೆಂಡತಿ ಗಂಗವ್ವ. ಮಕ್ಕಳಿರಲಿಲ್ಲ. ಕೌದಿ ಹೊಲಿಯುವುದು ಆಕೆಯ ಕೆಲಸ. ಇಂಗಳೇಶ್ವರದಿಂದಲೂ ಹೆಣ್ಣುಮಕ್ಕಳು ಬಸ್ಸಿಳಿದು, ಹಳೆಯ ಸೀರೆ ಧೋತರಗಳ ಗಂಟನ್ನು ಕಿಟಕಿಯಲ್ಲೇ ಕೊಟ್ಟು, ಕಟ್ಟೆಯ ಮೇಲೆ ಕುಳಿತು ಎಲೆ ಅಡಿಕೆ ಹಾಕಿಕೊಂಡು, ತವರಿನ ಸುದ್ದಿ ಅತ್ತೆಮನೆಯ ಸುದ್ದಿ ಹೇಳಿ, ಮುಂದಿನ ಬಸ್ಸಿಗೆ ಹೋಗುತ್ತಿದ್ದರು. ಕೌದಿ ಮುಗಿದಾಗ ಗಂಗವ್ವ ಅದರ ಒಂದು ಮೂಲೆಯಲ್ಲಿ ಹೋಳಿಗೆಯ ಚೂರೊಂದನ್ನು ಇಟ್ಟು ಹೊಲಿದು ಮುಚ್ಚುತ್ತಿದ್ದಳು. ಕೌದಿಯ ಹೊಟ್ಟೆ ಹಸಿದಿದ್ದರೆ ಹೊದ್ದವರಿಗೆ ನಿದ್ದೆ ಹತ್ತುವುದಿಲ್ಲ ಎಂಬ ನಂಬಿಕೆ.

ಚಂದ್ರಶೇಖರ ಮೊಬೈಲಿನಲ್ಲಿ ಹೊಸ ಮನೆಯ ಚಿತ್ರ ತೋರಿಸಿದರು. ಎಂಜಿನಿಯರು ಬಣ್ಣ ತುಂಬಿ ಮಾಡಿಕೊಟ್ಟದ್ದು. ಮನಗೂಳಿಯಲ್ಲಿ ಎಂದೂ ಕಾಣದ ಹಸಿರು ಹುಲ್ಲು, ಯಾರದೋ ಉದ್ದನೆಯ ಕಾರು. ಖೋಲಿ ಇದ್ದ ಜಾಗದಲ್ಲಿ ಶೆಟರಿನ ಅಂಗಡಿಗಳು.

"ವೈನಿ ಖೋಲಿ ಎಲ್ಲೈತ್ರಿ ಇದರಾಗ?" ಎಂದೆ.

ಅವರು ಚಿತ್ರವನ್ನು ಬೆರಳಿನಿಂದ ಅತ್ತ ಇತ್ತ ಸರಿಸಿದರು. "ಹಿಂದ ದನದ ಕೊಟ್ಟಿಗಿ ಐತಲ್ರಿ, ಅಲ್ಲಿ ಚಂದ ಖೋಲಿ ಕಟ್ಟಸ್ತೀವಿ. ಟೈಲ್ಸ್ ಹಾಕಸ್ತೀವಿ. ಫ್ಯಾನ್ ಸೈತ ಕೂಡಸ್ತೀವ್ರಿ."

ಒಳಗಿನಿಂದ ಗಂಗವ್ವನ ದನಿ ಬಂತು. ಸೂಜಿ ನಿಲ್ಲಿಸದೆಯೇ ಮಾತಾಡುತ್ತಿದ್ದಳು. "ಫ್ಯಾನ್ ಬಂದು ಕೌದಿ ಹೊಲಸ್ಕೊಂಡು ಹೋಗತೈತೇನೋ ಚಂದ್ರಾ? ಮಂದಿ ಹಾಯೋ ದಾರಿ ಇದ್ರ ನಾನು ಅದೀನಿ. ಹಿತ್ತಲ್ದಾಗ ನನ್ನ ಯಾರು ಹುಡಿಕ್ಯೊಂಡು ಬರ್ತಾರ?"

"ವೈನಿ, ಅದರ ಮಾತು ಆಮ್ಯಾಲೆ ಆಡೂಣು. ಇದು ಮೀಟರಿನ ಕೆಲಸ" ಎಂದರು ಚಂದ್ರಶೇಖರ.

"ಮೀಟರಿನ ಮಾತ ಕೇಳಾಕತ್ತೇನಿ" ಎಂದು ಗಂಗವ್ವ ಕಿಟಕಿಗೆ ಬಂದಳು. ನನ್ನನ್ನು ನೋಡಿದಳು. "ಸಾಹೇಬ್ರ, ಪಡಸಾಲಿ ಕೆಡವತಾರ. ನಡುವಿನ ದಿವಸ ನನ್ನ ದೀಪ ಎಲ್ಲಿಂದ ಬರತೈತ್ರಿ? ಮದಿವಿ ದಿನಾ ಬಂದಾವ, ಹೊಲಿಯೂದು ರಾಶಿ ಬಿದ್ದೈತಿ."

ಆಕೆ ಕೇಳಿದ್ದು ದೀಪದ ಮಾತು. ನನಗೆ ಕಂಡದ್ದು ಆಕೆಯ ಹಿಂದಿನ ಗೋಡೆ. ಹೊಸ ಮನೆ ಗೇಟಿನ ಒಳಗೆ, ಪೋರ್ಚು ಗೇಟಿನ ಒಳಗೆ. ಆ ಇಡೀ ಜಾಗದಲ್ಲಿ ರಸ್ತೆಯ ಕಡೆ ಮುಖ ಮಾಡಿ ನಿಂತ ಗೋಡೆ ಎಂದರೆ ಅದೊಂದೇ. ಇಷ್ಟು ವರ್ಷ ನನ್ನನ್ನು ಕಾಡಿದ ನಿಯಮ ಮೊದಲ ಸಲ ನನಗೆ ಅಕ್ಕರೆಯಿಂದ ನೆನಪಾಯಿತು.

"ಪೋರ್ಚಿನಾಗ ಬರಂಗಿಲ್ರಿ. ರಸ್ತಾದ ಕಡೆ ಗ್ವಾಡಿಗೇ ಹಾಕಬೇಕು. ಇರೂದು ನಿಮ್ಮ ವೈನಿ ಗ್ವಾಡಿ ಒಂದ" ಎಂದೆ.

ಅವರು ನನ್ನೊಂದಿಗೆ ವಾದ ಮಾಡಲಿಲ್ಲ. ಬುದ್ಧಿವಂತರು ಕೆಳಗಿನವರೊಂದಿಗೆ ವಾದ ಮಾಡುವುದಿಲ್ಲ. ನಾವು ಆಫೀಸು ಮುಟ್ಟುವ ಮೊದಲೇ ಸಾಹೇಬರ ಫೋನು ಬಂತು.

"ಏನ್ರಿ ಅದು ಮನಗೂಳಿದು? ನಮ್ಮ ಪೈಕಿ ಮನಶ್ಯಾ ಅದಾರ. ಕೇಳಿದಲ್ಲೆ ಹಾಕಿಕೊಟ್ಟುಬಿಡ್ರಿ."

"ಹಾಕ್ತೀನ್ರಿ ಸರ್. ನಿಮ್ಮ ಸುತ್ತೋಲೆ ಹಿಂದ ತಗೊಂಡೇವಿ ಅಂತ ಒಂದು ಸಾಲು ಕಳಸಿಬಿಡ್ರಿ, ಇವತ್ತ ಹಾಕ್ತೀನಿ."

ತನ್ನ ಮಗುವನ್ನು ತಾನೇ ಬಿಟ್ಟುಕೊಡಲು ಯಾರಿಗೆ ಮನಸ್ಸು ಬರುತ್ತದೆ? ಕೊನೆಗೆ ಸಾಹೇಬರು ದನಿ ತಗ್ಗಿಸಿ ಹೇಳಿದರು: "ಹಿಂದ ತಗೊಳ್ಳೂದು ಬ್ಯಾಡ. ತಾತ್ಪೂರ್ತಿಕ ಅಂತ ಆ ಹೆಣ್ಮಗಳ ಗ್ವಾಡಿಗೇ ಹಾಕ್ರಿ. ಮುಂದ ನೋಡೂಣು."

ತಾತ್ಪೂರ್ತಿಕ ಎಂದರೆ ಸದ್ಯದ ಮಟ್ಟಿಗೆ ಎಂದು ಅರ್ಥ. ಇಲಾಖೆಗೆ ಹೊಸಬರಾದವರು ಈ ಶಬ್ದವನ್ನು ಗೌರವದಿಂದ ಕಾಣಬೇಕು. ನಮ್ಮ ಶಾಖೆಯ ಕಚೇರಿ ನಾನು ಕೆಲಸಕ್ಕೆ ಸೇರುವ ಮೊದಲೇ ಒಂದು ತಾತ್ಪೂರ್ತಿಕ ಕಟ್ಟಡಕ್ಕೆ ಹೋಗಿತ್ತು. ನನಗೆ ಬೀಳ್ಕೊಡುಗೆಯ ಹಾರ ಹಾಕಿದ್ದೂ ಅದೇ ಕಟ್ಟಡದಲ್ಲಿ.

ಹುಸೇನಸಾಬ ಮೀಟರು ಹಾಕಲು ಹೋದ ದಿನ ನಾನೂ ಹೋದೆ. ಎಷ್ಟು ಎತ್ತರಕ್ಕೆ ಎಂದು ಅವನು ಕೇಳಿದ. ಕಣ್ಣಿನ ಮಟ್ಟ ಎಂದೆ. "ಯಾರ ಕಣ್ಣರಿ ಸರ?" ಎಂದ. ಗಂಗವ್ವ ಹೊರಗೆ ಬಂದು ಗೋಡೆಗೆ ನೆಟ್ಟಗೆ ನಿಂತಳು. "ನನ್ನ ಮನಿ ಗ್ವಾಡಿ, ನನ್ನ ಕಣ್ಣಿಗೇ ಹಾಕಪಾ" ಎಂದಳು. ಸಾಹೇಬರಿಗಿಂತಲೂ ಗಿಡ್ಡವಾದ ಕಣ್ಣು ನನ್ನ ನೌಕರಿಯಲ್ಲಿ ಅದೊಂದೇ. ಹಾಗೇ ಹಾಕಿದೆವು. ಕೆಳಗೆ ಮೇನ್ ಸ್ವಿಚ್ಚಿನ ಕಬ್ಬಿಣದ ಪೆಟ್ಟಿಗೆ. ಆಕೆಯ ಖೋಲಿಗೂ ಅಲ್ಲಿಂದಲೇ ತಂತಿ, ಹಿಂದೆ ಏಳುತ್ತಿದ್ದ ಹೊಸ ಮನೆಗೂ ಅಲ್ಲಿಂದಲೇ. ಈಗಿನ ಪದ್ಧತಿಯಂತೆ ಫೋಟೋ ತೆಗೆದು ಮೊಬೈಲಿನಲ್ಲಿ ಏರಿಸಿದೆ. ಒಮ್ಮೆ ಫೋಟೋ ಏರಿತು ಎಂದರೆ ಆ ಗೋಡೆಯೂ ಇಲಾಖೆಯ ಲೆಕ್ಕಕ್ಕೆ ಬಂತು ಎಂದೇ ತಿಳಿಯಿರಿ.

ಹೊಸ ಮನೆ ಮೇಲೇರಿತು. ಬಣ್ಣ ಹಚ್ಚುವ ಹೊತ್ತಿಗೆ ಚಂದ್ರಶೇಖರ ಮತ್ತೆ ಆಫೀಸಿಗೆ ಬಂದರು. ಇನ್ನು ಮುಂದಿನ ಖೋಲಿ ಕೆಡವಬೇಕು, ತಾತ್ಪೂರ್ತಿಕ ಮೀಟರು ತೆಗೆಯಿರಿ ಎಂದರು.

"ತಗೀತೀವ್ರಿ. ಹಾಕಾಕ ರಸ್ತಾ ಕಡೆ ಗ್ವಾಡಿ ತೋರಸ್ರಿ" ಎಂದೆ.

"ಅಂಗಡಿ ಕಟ್ಟಿದ ಮ್ಯಾಲೆ ಅಂಗಡಿ ಗ್ವಾಡಿ ಬರತೈತಲ್ರಿ."

"ಬರಲಿ. ಬಂದ ಮ್ಯಾಲೆ ಸರಸೂಣು."

ಅವರು ಒಂದೊಂದೇ ಬೆರಳು ಮಡಚುತ್ತಾ ಕೇಳಿದರು: "ಖೋಲಿ ಕೆಡವಿದ್ರ ಅಲ್ಲೇನ್ರಿ ಅಂಗಡಿ ಗ್ವಾಡಿ ಏಳೂದು?"

"ಹೌದ್ರಿ."

"ಮೀಟರ್ ತಗದ್ರ ಅಲ್ಲೇನ್ರಿ ಖೋಲಿ ಕೆಡವಾಕ ಬರೂದು?"

"ಹೌದ್ರಿ."

"ಮತ್ತ ನೀವು, ಅಂಗಡಿ ಗ್ವಾಡಿ ಎದ್ದ ಮ್ಯಾಲೇನ ಮೀಟರ್ ತಗೀತೇವಿ ಅಂತೀರಿ?"

"ಹೌದ್ರಿ."

ಅವರು ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು. "ಸಾಹೇಬ್ರ, ಒಂದು ಚಾ ತರಸ್ರಿ" ಎಂದರು. ತರಿಸಿದೆ.

ಬೇರೆ ದಾರಿ ಇರಲಿಲ್ಲವೇ ಎಂದು ಬುದ್ಧಿವಂತ ಹುಡುಗರು ಕೇಳುತ್ತಾರೆ. ಇತ್ತು. ಕಟ್ಟಡದ ಕೆಲಸ ನಡೆಯುವಾಗ ರಸ್ತೆಬದಿಯಲ್ಲಿ ಒಂದು ಮೋಟು ಕಂಬ ನೆಟ್ಟು ಅದಕ್ಕೆ ಪೆಟ್ಟಿಗೆ ಹಾಕಿ ಮೀಟರು ಇಡಬಹುದು. ಅವರು ಅದನ್ನು ಕೇಳಲಿಲ್ಲ, ನಾನು ಹೇಳಲಿಲ್ಲ. ಕೇಳದ ಪ್ರಶ್ನೆಗೆ ಉತ್ತರ ಕೊಡುವುದು ನಮ್ಮ ಇಲಾಖೆಯ ಪದ್ಧತಿಯಲ್ಲ, ಮತ್ತು ಆ ಪದ್ಧತಿಯನ್ನು ನಾನು ಅಷ್ಟು ಸಂತೋಷದಿಂದ ಬೇರೆಂದೂ ಪಾಲಿಸಿಲ್ಲ.

ಆದರೆ ಊರಲ್ಲಿ ಕಂಟ್ರಾಕ್ಟರುಗಳಿಗೆ ಬರವೇ? ವಾಸ್ತುಶಾಂತಿಗೆ ಕರೆಯಲು ಬಂದಾಗ ಚಂದ್ರಶೇಖರ ನಕ್ಕು ಹೇಳಿಯೇ ಬಿಟ್ಟರು: "ಮೋಟುಕಂಬದ ಸುದ್ದಿ ನೀವು ಹೇಳಲೇ ಇಲ್ಲಲ್ರಿ ಸಾಹೇಬ್ರ? ಇರಲಿ. ಶಾಂತಿ ಮುಗೀಲಿ, ಮರುದಿವಸ ಅದರ ಅರ್ಜಿ ತಗೊಂಡು ಬರ್ತೇನಿ." ನನ್ನ ಬತ್ತಳಿಕೆ ಖಾಲಿಯಾಗಿತ್ತು. ಆ ಅರ್ಜಿ ಬಂದರೆ ನಾನು ಸಹಿ ಹಾಕಲೇಬೇಕು, ಗಂಗವ್ವ ದನದ ಕೊಟ್ಟಿಗೆಯ ಜಾಗಕ್ಕೆ ಹೋಗಲೇಬೇಕು. ಹೋಗದಿರೋಣ ಎನಿಸಿತು. ಹೆಂಡತಿ ಕರೆದವರ ಮನೆಗೆ ಹೋಗದಿದ್ದರೆ ಚೆನ್ನಾಗಿರುವುದಿಲ್ಲ ಎಂದಳು.

ಸಂಜೆ ಹೋದಾಗ ಮನೆಯ ಮೈಮೇಲೆಲ್ಲ ಬಣ್ಣದ ದೀಪದ ಸರ. ಮೈಕಿನಲ್ಲಿ ಹಾಡು. ಸಾಹೇಬರು ಆಗಲೇ ಮುಂದಿನ ಸಾಲಿನಲ್ಲಿ ಕುಳಿತಿದ್ದರು. ನಾನು ರಸ್ತೆಯಲ್ಲೇ ನಿಂತೆ, ಏಕೆಂದರೆ ಖೋಲಿಯ ಕಿಟಕಿಯೊಳಗೆ ಗಂಗವ್ವ ಎಂದಿನಂತೆ ಕೌದಿ ಹೊಲಿಯುತ್ತಿದ್ದಳು. ಹೊಸ ಸೀರೆ ಉಟ್ಟಿದ್ದಳು.

"ಒಳಗ ಹೋಗಿಲ್ಲೇನ್ರಿ ಯವ್ವಾ?" ಎಂದೆ.

"ಕರದ್ರ ಹೋಗಬೇಕ್ರಿ. ಓಣ್ಯಾಗಿನ ಮಂದೀನ್ನೆಲ್ಲ ಮನಿ ಮನಿಗೆ ಹೋಗಿ ಬಾಯಿ ತುಂಬ ಕರದು ಬಂದಾರ. ನಾನು ಮನ್ಯಾಗಿನಾಕಿ. ಮನ್ಯಾಗಿನವರನ್ನ ಯಾರು ಕರೀತಾರ?" ಸೂಜಿ ಏಳುತ್ತಿತ್ತು, ಬೀಳುತ್ತಿತ್ತು. ಸೀರೆಯ ನೆರಿಗೆ ಮಾತ್ರ ಈಗಷ್ಟೇ ಉಟ್ಟಂತೆ ಗರಿಗರಿಯಾಗಿತ್ತು.

ಅಷ್ಟರಲ್ಲಿ ನನ್ನ ಪಕ್ಕದ ಗೋಡೆಯಲ್ಲಿ ಫಟ್ ಎಂದಿತು. ಹೊಸ ಮನೆ ಪೂರ್ತಿ ಕತ್ತಲಾಯಿತು. ಮೈಕು ಹಾಡಿನ ನಡುವೆ ನಿಂತಿತು. ಗಂಗವ್ವನ ಬಲ್ಬೂ ಹೋಯಿತು.

ಮೊಬೈಲು ಬೆಳಕು ಹಿಡಿದುಕೊಂಡು ಮಂದಿ ರಸ್ತೆಗೆ ಬಂದರು. ಊಟಕ್ಕೆ ಬಂದಿದ್ದ ಹುಸೇನಸಾಬ ಓಡಿ ಬಂದು, ಕಂಬದ ಕಡೆಯಿಂದ ತಂತಿ ಬಿಡಿಸಿ, ಮೇನ್ ಸ್ವಿಚ್ಚಿನ ಪೆಟ್ಟಿಗೆ ತೆರೆದ. ಎರಡು ತಂತಿಗಳ ತುದಿಗೂ ಮೈ ಚಾಚಿ ಒಂದು ಹಲ್ಲಿ ಸತ್ತು ಬಿದ್ದಿತ್ತು, ಫ್ಯೂಸು ಸುಟ್ಟಿತ್ತು. "ವಾಸ್ತುಶಾಂತಿ ದಿವಸ ಹಲ್ಲಿ ಸಾಯೂದಂದ್ರ..." ಎಂದು ಯಾರೋ ಶುರು ಮಾಡಿದರು. ಉಳಿದವರು ಮಾತು ಮುಂದುವರಿಸಿದರು. ಸಾಹೇಬರು ದೂರದಿಂದಲೇ ತಪಾಸಣೆ ಮಾಡುತ್ತಿದ್ದರು. ಚಂದ್ರಶೇಖರರ ಮುಖ ಬಿಳಿಚಿತ್ತು.

ಹುಸೇನಸಾಬ ನನ್ನನ್ನು ಮೊಣಕೈಯಿಂದ ತಿವಿದು ಪೆಟ್ಟಿಗೆಯ ಮೂಲೆ ತೋರಿಸಿದ. ಅಲ್ಲಿ ತುಪ್ಪ ಹಚ್ಚಿದ ಹೋಳಿಗೆಯ ಒಂದು ಚೂರು, ಅದರ ತುಂಬ ಇರುವೆ. ಹೋಳಿಗೆಗೆ ಇರುವೆ ಬಂದಿದ್ದವು, ಇರುವೆಗೆ ಹಲ್ಲಿ ಬಂದಿತ್ತು. ನಾನು ಥಟ್ಟನೆ ಕರವಸ್ತ್ರ ತೆಗೆದು ಆ ಚೂರನ್ನು ಮುಚ್ಚಿ ಎತ್ತಿಕೊಂಡೆ. "ಬರೇ ಹಲ್ಲಿ. ದಿನಾ ಆಗತಾವ ಇಂಥಾವು" ಎಂದು ಗಟ್ಟಿಯಾಗಿ ಹೇಳಿದೆ.

"ಬರೇ ಹಲ್ಲಿ ಅಲ್ರಿ" ಎಂದಳು ಗಂಗವ್ವ. ಕಟ್ಟೆಯ ಮೇಲೆ ಬಂದು ನಿಂತಿದ್ದಳು. "ಅದರ ಮ್ಯಾಲ್ಯಾಕ ತಪ್ಪು ಹೊರಸ್ತೀರಿ? ಹೋಳಿಗಿ ಇಟ್ಟಾಕಿ ನಾನು."

ಮೊಬೈಲು ಬೆಳಕೆಲ್ಲ ಆಕೆಯ ಕಡೆ ತಿರುಗಿತು.

"ಯಾಕ ಇಟ್ಟಿ ವೈನಿ?" ಚಂದ್ರಶೇಖರರ ದನಿಯಲ್ಲಿ ಸಿಟ್ಟಿತ್ತು, ಅದಕ್ಕಿಂತ ಹೆಚ್ಚು ಹೆದರಿಕೆ ಇತ್ತು. "ಇವತ್ತಿನ ದಿವಸಾನ ಇಡಬೇಕಿತ್ತಾ?"

"ಇವತ್ತಲ್ಲದ ಮತ್ತ ಯಾವತ್ತು ಇಡಬೇಕೋ? ನಿನ್ನ ಹೊಸ ಮನಿಗೆ ಮೊದಲನೇ ದೀಪ ಹತ್ತೂದು ಈ ಪೆಟಗಿಯಿಂದ. ಪರರ ಮನಿ ಕೌದಿಗೆ ಸೈತ ಹೊಟ್ಟಿ ತುಂಬಸಿ ಕಳಸಾಕಿ ನಾನು. ನಮ್ಮ ಮನಿ ದೀಪ ಹಸದ ಹೊಟ್ಟೀಲೆ ಹತ್ತಬಾರದು ಅಂತ ಮುಂಜಾನೆ ಮುಚ್ಚಳ ಸರಿಸಿ ಒಂದು ಚೂರು ಇಟ್ಟೆ."

"ಯವ್ವಾ, ಅದರಾಗ ಕೈ ಹಾಕಬಾರದ್ರಿ. ಜೀವ ಹೋಗತೈತಿ" ಎಂದ ಹುಸೇನಸಾಬ, ಪೆಟ್ಟಿಗೆಗೆ ಅಡ್ಡ ನಿಂತು. ನನ್ನ ಕೈಯಲ್ಲಿದ್ದ ಕರವಸ್ತ್ರದಿಂದ ಇರುವೆಗಳು ಹೊರಬಂದು ಅಂಗಿಯ ತೋಳಿನೊಳಗೆ ಹೋಗುತ್ತಿದ್ದವು. ಕೊಡವಿಕೊಳ್ಳಲು ಮನಸ್ಸಾಗಲಿಲ್ಲ.

ಚಂದ್ರಶೇಖರ ಮೀಟರಿನ ಬಳಿಯಿಂದ ನಿಧಾನವಾಗಿ ಕಟ್ಟೆಯ ಹತ್ತಿರ ಬಂದರು. ಗಂಗವ್ವ ಅವರನ್ನೇ ನೋಡುತ್ತಿದ್ದಳು.

"ಕರೆಂಟಿಗೆ ಬಂದೀಯೋ, ಕರಿಯಾಕ ಬಂದೀಯೋ?" ಎಂದು ಕೇಳಿದಳು.

ಅವರು ಒಮ್ಮೆ ಕತ್ತಲಾದ ಹೊಸ ಮನೆಯ ಕಡೆ ನೋಡಿದರು. ಆಮೇಲೆ ಎಲ್ಲರ ಎದುರಿಗೇ ಚಪ್ಪಲಿ ಬಿಟ್ಟು ಕಟ್ಟೆ ಹತ್ತಿದರು. "ಕರಿಯಾಕ ಬಂದೇನಿ ವೈನಿ. ಕರೆಂಟ್ ಆಮ್ಯಾಲೆ ಬರಲಿ. ನೀನು ಬಾ" ಎಂದರು.

ಹುಸೇನಸಾಬ ಫ್ಯೂಸು ಕಟ್ಟಿ, ಕಂಬದ ತಂತಿಯನ್ನೂ ಮತ್ತೆ ಜೋಡಿಸಿ ಮುಗಿಸಿದ್ದ. ಆದರೂ ನಾನು ಕಣ್ಸನ್ನೆ ಮಾಡಿ ತಡೆದೆ. ಗಂಗವ್ವ ಸೆರಗು ಸರಿಮಾಡಿಕೊಂಡು, ಮೈದುನನ ಹಿಂದೆ ನಡೆದು, ಆ ಮನೆಯ ಹೊಸ್ತಿಲು ದಾಟಿದ ಮೇಲೆಯೇ ಸ್ವಿಚ್ಚು ಹಾಕಿಸಿದೆ. ಇಡೀ ಮನೆ ಝಗ್ಗೆಂದಿತು. ಒಳಗಿದ್ದವರೆಲ್ಲ ಅಭ್ಯಾಸದಂತೆ ದೀಪಕ್ಕೆ ಕೈ ಮುಗಿದರು. ನೋಡುವವರಿಗೆ ನಡುವೆ ನಿಂತಿದ್ದ ಗಂಗವ್ವನಿಗೇ ಮುಗಿದಂತೆ ಕಂಡಿತು. ಸಾಹೇಬರೂ ಮುಗಿದರು. ಮರುದಿನದ ವರದಿಯಲ್ಲಿ ನಾನು ಕಾರಣ ಎಂಬಲ್ಲಿ "ಹಲ್ಲಿ" ಎಂದು ಬರೆದೆ. ಹಲ್ಲಿ ಮಂಜೂರಾದ ಕಾರಣ.

ಮೋಟುಕಂಬದ ಅರ್ಜಿ ಮರುದಿನ ಬರಲಿಲ್ಲ. ನನ್ನ ನಿವೃತ್ತಿಯವರೆಗೂ ಬರಲಿಲ್ಲ. ಚಂದ್ರಶೇಖರ ಖೋಲಿಯನ್ನು ಹಾಗೇ ಬಿಟ್ಟು, ಅದರ ಪಕ್ಕದ ಖಾಲಿ ಜಾಗದಲ್ಲಿ ಒಂದೇ ಒಂದು ಶೆಟರಿನ ಅಂಗಡಿ ಕಟ್ಟಿಸಿಕೊಂಡರು ಎಂದು ಹುಸೇನಸಾಬ ಹೇಳಿದ.

ಮೊನ್ನೆ ಮನಗೂಳಿಯ ಮೇಲೆ ಹಾಯ್ದು ಹೋಗುವಾಗ ಇಳಿದೆ. ಮುಖ ನೋಡುವ ಮೊದಲು ಗೋಡೆ ನೋಡಿದೆ. ಮೀಟರು ಅಲ್ಲೇ ಇತ್ತು. ಅದರ ಮೇಲೆ, ಪೆಟ್ಟಿಗೆಗೆ ದೂರವಾಗಿ, ಗೋಡೆಯಲ್ಲಿ ಒಂದು ಪುಟ್ಟ ಗೂಡು ಕೊರೆಸಿದ್ದರು. ಹಬ್ಬದ ದಿನ ಹೋಳಿಗೆಯ ಚೂರು ಈಗ ಅಲ್ಲಿ. ಗಂಗವ್ವ ಕಿಟಕಿಯಿಂದ ಗುರುತು ಹಿಡಿದಳು.

"ಸಾಹೇಬ್ರ, ಇದು ತಾತ್ಪೂರ್ತಿಕ ಅಂದಿದ್ರಿ. ಇನ್ನ ಎಷ್ಟು ದಿವಸರಿ?"

"ನೀವು ಇರೂತನಾ ಇರತೈತ್ರಿ ಯವ್ವಾ."

ಆಕೆ ಹಲ್ಲಿನಿಂದ ದಾರ ಕಡಿದು, ಸೂಜಿಯನ್ನು ಸೆರಗಿಗೆ ಚುಚ್ಚಿಕೊಂಡಳು. "ಹಂಗಾರ ನಿಮ್ಮ ಹುಸೇನಸಾಬಗ ಹೇಳಿ ಒಂದು ದಪ್ಪನ್ನ ಮೊಳಿ ಹೊಡಸ್ರಿ. ಪೆಟಗಿ ಅಳ್ಳಾಡಾಕತ್ತೈತಿ" ಎಂದಳು.